ಎರಡು ಕ್ವೈರ್‌ನ ಲೆಕ್ಕದ ಪುಸ್ತಕ: ಹದಿಮೂರು ತಿಂಗಳು ನನ್ನ ಬಗ್ಗೆ ಬರೆದ ಮೇಲೆ

ಅಂಗಡಿಯವರೂ ಸಹಕಾರ ಸಂಘದವರೂ ಲೆಕ್ಕ ಬರೆಯಲು ಇಟ್ಟುಕೊಳ್ಳುವ, ಕೆಂಪು ಬಟ್ಟೆಯ ಬೆನ್ನಿನ, ದಾರದಲ್ಲಿ ಹೊಲಿದು ಪುಟಸಂಖ್ಯೆ ಒತ್ತಿದ ದಪ್ಪ ರಿಜಿಸ್ಟರ್ ಒಂದನ್ನು ನಾನು 2023ರ ಜೂನ್‌ನಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ 210 ರೂಪಾಯಿ ಕೊಟ್ಟು ಕೊಂಡೆ. ಕೊಂಡದ್ದು ಲೆಕ್ಕಕ್ಕಲ್ಲ, ದಿನದ ಮಾತು ಬರೆದಿಡುವುದಕ್ಕೆ. 2024ರ ಜುಲೈನಲ್ಲಿ ಅದರ 192ನೇ ಪುಟ ತುಂಬಿತು. ತಮ್ಮ ಬಗ್ಗೆ ತಾವೇ ಸುಳ್ಳಿಲ್ಲದೆ ಬರೆದಿಡಬೇಕೆಂಬ ಆಸೆ ಇರುವವರು ಯಾವ ಪುಸ್ತಕ ಕೊಳ್ಳಲಿ ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇದರಲ್ಲಿ ಕೊರತೆಗಳೂ ಇವೆ, ಅವನ್ನೂ ಮುಚ್ಚಿಡುವುದಿಲ್ಲ. ಅಂಗಡಿಯವರು ನನಗೆ ಪರಿಚಯದವರಲ್ಲ, ರಿಯಾಯಿತಿಯನ್ನೂ ನಾನು ಪಡೆದಿಲ್ಲ.

ಇಂಥ ಪುಸ್ತಕ ಹುಡುಕಿಕೊಂಡು ಹೋಗಲು ಒಂದು ಕಾರಣವಿತ್ತು. ಸಾಗರದ ಕಡೆಯ ಒಂದು ಸಹಕಾರ ಸಂಘದಲ್ಲಿ ನಾನು 31 ವರ್ಷ ಗುಮಾಸ್ತೆಯಾಗಿದ್ದೆ. ನಿವೃತ್ತಿಯ ವರ್ಷ ಸಂಘದವರು ಒಂದು ಸ್ಮರಣ ಸಂಚಿಕೆ ತಂದರು. ಅದಕ್ಕೆ ನನ್ನ ಸೇವೆಯ ನೆನಪುಗಳನ್ನು ಎರಡು ಪುಟ ಬರೆದುಕೊಟ್ಟೆ. ಅಚ್ಚಾಗಿ ಬಂದದ್ದನ್ನು ಮನೆಯ ಜಗಲಿಯಲ್ಲಿ ಕುಳಿತು ಓದಿದಾಗ, ಅದರಲ್ಲಿ ಇಂಥದ್ದು ಸುಳ್ಳು ಎಂದು ಬೆರಳಿಟ್ಟು ತೋರಿಸುವ ವಾಕ್ಯ ಒಂದೂ ಸಿಗಲಿಲ್ಲ. ಆದರೂ ಅಲ್ಲಿದ್ದ ಹೆಂಗಸು ನಾನಾಗಿರಲಿಲ್ಲ. ಸದಾ ತಾಳ್ಮೆಯವಳು, ಸದಸ್ಯರೆಲ್ಲರನ್ನೂ ಮನೆಯವರಂತೆ ಕಂಡವಳು, ಕೆಲಸವನ್ನೇ ಪೂಜೆಯೆಂದು ತಿಳಿದವಳು. ಸಾಲದ ಕಂತು ತಪ್ಪಿಸಿದ ರೈತರ ಮುಂದೆ ನಾನು ಎಷ್ಟು ಬಿಗಿಯಾಗಿ ಮಾತನಾಡುತ್ತಿದ್ದೆ, ಮಗ ಚಿಕ್ಕವನಿದ್ದಾಗ ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳು ಬಂತೆಂದರೆ ಎಷ್ಟು ಅಳು ಬರುತ್ತಿತ್ತು, ಇವು ಯಾವುವೂ ಆ ಎರಡು ಪುಟಗಳಲ್ಲಿ ಇರಲಿಲ್ಲ. ಬರೆಯುವಾಗ ನನಗೆ ಮೋಸ ಮಾಡುವ ಉದ್ದೇಶವೇನೂ ಇರಲಿಲ್ಲ. ಲೇಖನಿ ತಾನಾಗಿ ಹಸನಾದ ದಾರಿ ಹಿಡಿದಿತ್ತು. ಇನ್ನೊಬ್ಬರ ದುಡ್ಡಿನ ಲೆಕ್ಕವನ್ನು ಒಂದು ಪೈಸೆ ಆಚೀಚೆ ಆಗದಂತೆ ಬರೆದ ಕೈ ತನ್ನ ಲೆಕ್ಕವನ್ನು ಹೀಗೆ ಬರೆಯಿತಲ್ಲ ಎಂಬ ಸಂಕಟ ಬಹಳ ದಿನ ಹೋಗಲಿಲ್ಲ.

ಅದಕ್ಕೂ ಮೊದಲು ಡೈರಿ ಬರೆಯುವ ಅಭ್ಯಾಸ ಇರಲಿಲ್ಲವೆಂದಲ್ಲ. ಹೊಸವರ್ಷಕ್ಕೆ ಅಲ್ಲಿ ಇಲ್ಲಿ ಉಚಿತವಾಗಿ ಸಿಗುವ, ದಿನಕ್ಕೊಂದು ಪುಟದ, ಮೇಲೆ ತಾರೀಖು ಅಚ್ಚಾದ ಡೈರಿಗಳಲ್ಲಿ ನಾಲ್ಕು ವರ್ಷ ಬರೆದಿದ್ದೇನೆ. ಈಗ ಅವನ್ನು ತೆಗೆದು ನೋಡಿದರೆ ತಾರೀಖು ಅಚ್ಚಾದ ಪುಟವೇ ನನ್ನಿಂದ ಸುಳ್ಳು ಬರೆಸಿತು ಎನ್ನಿಸುತ್ತದೆ. ಖಾಲಿ ಉಳಿದ ಪುಟ ಕಣ್ಣಿಗೆ ಚುಚ್ಚುತ್ತದೆ. ಅದನ್ನು ತುಂಬಲು ಭಾನುವಾರ ಕುಳಿತು ಸೋಮವಾರದಿಂದ ಶನಿವಾರದವರೆಗಿನದನ್ನು ಒಟ್ಟಿಗೆ ಬರೆಯುತ್ತೇವೆ, ಪ್ರತಿ ಪುಟದಲ್ಲೂ "ಇಂದು" ಎಂದು ಆರಂಭಿಸುತ್ತೇವೆ. 2022ರ ಡೈರಿಯಲ್ಲಿ ನವೆಂಬರ್ 15, ಮಂಗಳವಾರದ ಪುಟದಲ್ಲಿ "ಇಂದು ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ದಾರಿಯುದ್ದಕ್ಕೂ ಹಳೆಯ ಕಥೆ ಹೇಳುತ್ತಾ ಬಂದಳು" ಎಂದು ಬರೆದಿದ್ದೇನೆ. ಅದೇ ಡೈರಿಯ ಹಿಂದಿನ ಜೇಬಿನಲ್ಲಿ ಆಸ್ಪತ್ರೆಯ ಚೀಟಿ ಇದೆ, ಅದರ ಮೇಲೆ 16ನೇ ತಾರೀಖು. ಒಂದು ದಿನದ ವ್ಯತ್ಯಾಸ ದೊಡ್ಡದಲ್ಲ ಎನ್ನಬಹುದು. ಆದರೆ ದಿನವನ್ನೇ ಸರಿಯಾಗಿ ನೆನಪಿಟ್ಟುಕೊಳ್ಳದವಳು ದಾರಿಯುದ್ದಕ್ಕೂ ಅಮ್ಮ ಕಥೆ ಹೇಳಿದ್ದನ್ನು ನಿಜವಾಗಿ ಕೇಳಿದ್ದಳೋ, ಪುಟ ತುಂಬಲಿ ಎಂದು ಬರೆದಳೋ? ಇವತ್ತು ಅದನ್ನು ತಿಳಿಯಲು ನನಗೆ ಯಾವ ದಾರಿಯೂ ಇಲ್ಲ. ಆ ವಾರದ ಆರೂ ಪುಟಗಳು ಒಂದೇ ಶಾಯಿಯಲ್ಲಿ, ಒಂದೇ ಓರೆಯ ಅಕ್ಷರದಲ್ಲಿ ಇವೆ.

ಈ ರಿಜಿಸ್ಟರಿಗೆ ತಾರೀಖಿಲ್ಲ. ಎಡಕ್ಕೆ ಎರಡು ಬೆರಳಗಲದ ಅಂಚುಪಟ್ಟಿ, ಅದರ ಪಕ್ಕ ಕೆಂಪು ಗೆರೆ, ಮುಂದಕ್ಕೆ ಬರಿಯ ಅಡ್ಡಗೆರೆಗಳು. 33 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಪುಟ. ಬರೆದ ದಿನದ ತಾರೀಖನ್ನು ನಾವೇ ಹಾಕಬೇಕು. ಬರೆಯದ ದಿನಕ್ಕೆ ಜಾಗವೇ ಇಲ್ಲ, ಆದ್ದರಿಂದ ಅದನ್ನು ತುಂಬಬೇಕೆಂಬ ಒತ್ತಾಯವೂ ಇಲ್ಲ. ಕ್ವೈರ್ ಎಂದರೆ 24 ಹಾಳೆ. ಮಧ್ಯಕ್ಕೆ ಮಡಿಸಿದರೆ 48 ಎಲೆ, 96 ಪುಟ. ಎರಡು ಕ್ವೈರ್‌ಗೆ 192. ಕೊಳ್ಳುವಾಗ ಅಂಗಡಿಯ ಯಜಮಾನರು "ಇದು ಲೆಕ್ಕದ ಪುಸ್ತಕ ಅಮ್ಮಾ, ನಿಮಗೆ ಬರೆಯೋಕೆ ಒಳ್ಳೇ ಡೈರಿ ತೋರಿಸ್ತೀನಿ" ಎಂದು ಚರ್ಮದ ಹೊದಿಕೆಯ ಒಂದನ್ನು ಮುಂದಿಟ್ಟರು. ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ನಾನು ರಿಜಿಸ್ಟರನ್ನು ಮಧ್ಯಕ್ಕೆ ತೆರೆದು ಹೊಲಿಗೆಯ ದಾರ ನೋಡಿ, ಇದೇ ಸಾಕು ಎಂದೆ.

ಆ ದಾರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಈ ಪುಸ್ತಕವನ್ನು ಮೆಚ್ಚುವುದು ಮುಖ್ಯವಾಗಿ ಅದಕ್ಕಾಗಿ. ಸುರುಳಿ ತಂತಿಯ ಪುಸ್ತಕದಲ್ಲಿ ಬೇಡವಾದ ಹಾಳೆಯನ್ನು ಎಳೆದರೆ ಬಂದುಬಿಡುತ್ತದೆ. ತಂತಿಯಲ್ಲಿ ಸಿಕ್ಕ ಚೂರುಗಳನ್ನು ಊದಿದರೆ ಕುರುಹೂ ಉಳಿಯುವುದಿಲ್ಲ. ಅಂಟು ಹಾಕಿದ ಪ್ಯಾಡಿನದೂ ಅದೇ ಕಥೆ. ಹೊಲಿಗೆಯ ಪುಸ್ತಕದಲ್ಲಿ ಹಾಗಾಗುವುದಿಲ್ಲ. ಹಾಳೆಗಳನ್ನು ಮಡಿಸಿ, ಒಂದರೊಳಗೊಂದು ಸೇರಿಸಿ, ಮಡಿಕೆಯ ಗೆರೆಯಲ್ಲೇ ದಾರ ಹಾಯಿಸಿರುತ್ತಾರೆ. ಹೀಗಾಗಿ ಪ್ರತಿ ಎಲೆಗೂ ಮಡಿಕೆಯ ಆಚೆ ಒಂದು ಜೋಡಿ ಎಲೆ ಇರುತ್ತದೆ. ಈಚೆಯದನ್ನು ಹರಿದರೆ ಆಚೆಯದು ಸಡಿಲವಾಗಿ ಕೈಗೆ ಬರುತ್ತದೆ. ಸಾಲದ್ದಕ್ಕೆ ಪುಟಗಳಿಗೆ ಯಂತ್ರದಲ್ಲಿ ಒತ್ತಿದ ಸಂಖ್ಯೆಗಳಿವೆ. ಲೆಕ್ಕದ ಕೆಲಸದಲ್ಲಿ ನಗದು ಪುಸ್ತಕ ಆರಂಭಿಸುವಾಗ ಪುಟಗಳನ್ನು ಎಣಿಸಿ, "ಈ ಪುಸ್ತಕದಲ್ಲಿ ಇಷ್ಟು ಪುಟಗಳಿವೆ" ಎಂದು ಮೊದಲ ಪುಟದಲ್ಲಿ ದೃಢೀಕರಿಸಿ ಸಹಿ ಮಾಡುವ ಪದ್ಧತಿ ಇದೆ. ನಾನೂ ಎಣಿಸಿದೆ. "ಈ ಪುಸ್ತಕದಲ್ಲಿ 1ರಿಂದ 192ರವರೆಗೆ ಪುಟಗಳಿವೆ, ಎಣಿಸಿ ನೋಡಿದ್ದೇನೆ" ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದೆ. ಯಾರೂ ಆಡಿಟ್ ಮಾಡದ ಪುಸ್ತಕಕ್ಕೆ ಇದೆಲ್ಲ ಏಕೆ ಎಂದು ಕೇಳಬಹುದು. ಆ ಸಹಿ ಮಾಡಿದ ಮೇಲೆ ಒಂದು ಪುಟ ಹರಿಯಲೂ ನನ್ನ ಕೈ ಏಳಲಿಲ್ಲ. ಮೂರು ಸಲ ಹರಿಯಬೇಕೆನ್ನಿಸಿತ್ತು.

ಅದರಲ್ಲಿ ಒಂದು 61ನೇ ಪುಟ. ಅಮ್ಮನಿಗೆ ಆಗ 86 ವರ್ಷ. ಮರೆವು ಆರಂಭವಾಗಿತ್ತು. ಒಂದು ಮಧ್ಯಾಹ್ನ ಕಾಫಿ ಕುಡಿದು ಲೋಟ ಕೆಳಗಿಟ್ಟ ಹತ್ತು ನಿಮಿಷಕ್ಕೆ "ಮಗಾ, ಒಂಚೂರು ಕಾಫಿ ಕೊಡ್ತೀಯಾ?" ಎಂದಳು. ಕೊಟ್ಟೆ. ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಮಾತು. ಮೂರನೆಯ ಸಲ ನಾನು ಅಂದ ಮಾತು, ಅಂದ ದನಿ ಎರಡೂ ನನಗೆ ಗೊತ್ತಿವೆ. ಆ ರಾತ್ರಿ ಪುಸ್ತಕದಲ್ಲಿ "ಈಗ ತಾನೇ ಕುಡಿದೆಯಲ್ಲ ಎಂದು ಅಮ್ಮನಿಗೆ ನೆನಪಿಸಿದೆ" ಎಂದು ಬರೆದೆ. ಬರೆದು ಕೆಳಗಿನ ಸಾಲಿಗೆ ಹೋಗಲು ಆಗಲಿಲ್ಲ. ಲೆಕ್ಕದಲ್ಲಿ ತಪ್ಪಾದರೆ ಅಳಿಸುವಂತಿಲ್ಲ, ತಪ್ಪು ಅಂಕಿಯ ಮೇಲೆಯೇ ಇನ್ನೊಂದು ಅಂಕಿ ತಿದ್ದುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಗೆರೆಯ ಕೆಳಗಿನದು ಓದಲು ಬರಬೇಕು, ಸರಿಯಾದ ಅಂಕಿಯನ್ನು ಮೇಲೆ ಬರೆದು ಪಕ್ಕದಲ್ಲಿ ಕಿರುಸಹಿ ಹಾಕಬೇಕು. 31 ವರ್ಷದ ಅಭ್ಯಾಸ ಅಂದು ತಾನಾಗಿ ಕೈಗೆ ಬಂತು. "ನೆನಪಿಸಿದೆ" ಎಂಬುದರ ಮೇಲೆ ಗೆರೆ ಎಳೆದು "ಸ್ವಲ್ಪ ಗಟ್ಟಿಯಾಗಿ ಹೇಳಿದೆ" ಎಂದು ಬರೆದೆ. ಅದೂ ಸರಿಯಾಗಲಿಲ್ಲ. ಅದರ ಮೇಲೂ ಗೆರೆ ಎಳೆದು "ಗದರಿದೆ" ಎಂದು ಬರೆದು ಕಿರುಸಹಿ ಹಾಕಿದೆ. ಆಮೇಲೆ, ಅಮ್ಮ ಏನೂ ಹೇಳದೆ ಖಾಲಿ ಲೋಟವನ್ನು ತನ್ನ ಸೆರಗಿನಲ್ಲಿ ಒರೆಸುತ್ತ ಕುಳಿತಿದ್ದಳು ಎಂಬ ಸಾಲು ಬಂತು. ಮೊದಲ ಪದದಲ್ಲೇ ನಿಂತಿದ್ದರೆ ಆ ಸಾಲು ಬರುತ್ತಲೇ ಇರಲಿಲ್ಲ ಎಂದು ನನಗೆ ಖಂಡಿತವಾಗಿ ಅನ್ನಿಸುತ್ತದೆ. ಅಮ್ಮ 2024ರ ಫೆಬ್ರವರಿಯಲ್ಲಿ ತೀರಿಕೊಂಡಳು. ಸೆರಗಿನಲ್ಲಿ ಲೋಟ ಒರೆಸುತ್ತಿದ್ದ ಆ ಕೈ ಇವತ್ತು ನನ್ನ ಬಳಿ ಉಳಿದಿರುವುದು ಆ ಪುಟದಲ್ಲಿ.

ಆ ಪುಟವನ್ನು ನೋಡಿದರೆ ಮೂರು ಪದಗಳೂ ಕಾಣುತ್ತವೆ. ಕೊನೆಯದು ನಿಜ ಎಂಬುದು ಸರಿಯೇ. ಆದರೆ ಮೊದಲೆರಡೂ ಅಷ್ಟೇ ನಿಜ, ಏಕೆಂದರೆ ನಾನು ಆ ರಾತ್ರಿ ನನ್ನನ್ನು ಹೇಗೆ ತೋರಿಸಿಕೊಳ್ಳಲು ಹೊರಟಿದ್ದೆ ಎಂಬುದಕ್ಕೆ ಅವೇ ಸಾಕ್ಷಿ. ವೈಟ್‌ನರ್ ಹಚ್ಚಿದ್ದರೆ ನಾನು ಒಂದೇ ಉಸಿರಿಗೆ ಸತ್ಯ ಹೇಳುವವಳಂತೆ ಕಾಣುತ್ತಿದ್ದೆ, ಮತ್ತು ಅದು ಇನ್ನೊಂದು ಸುಳ್ಳಾಗುತ್ತಿತ್ತು.

ಅಂಚುಪಟ್ಟಿಯ ಉಪಯೋಗ ನನಗೆ ಹೊಳೆದದ್ದು ಮೂರು ತಿಂಗಳಾದ ಮೇಲೆ. ಲೆಕ್ಕದಲ್ಲಿ ವೋಚರ್, ಅಂದರೆ ಖರ್ಚಿಗೆ ಪುರಾವೆಯಾದ ಚೀಟಿ, ಇಲ್ಲದೆ ಖರ್ಚು ಬರೆಯುವಂತಿಲ್ಲ. ಪ್ರತಿ ನಮೂದಿನ ಪಕ್ಕದಲ್ಲಿ ವೋಚರ್ ಸಂಖ್ಯೆ ಇರಬೇಕು. ನನ್ನ ಬರಹದ ವಾಕ್ಯಗಳಿಗೆ ವೋಚರ್ ಎಲ್ಲಿದೆ ಎಂದು ಕೇಳಿಕೊಂಡೆ. ಅಂದಿನಿಂದ, ಇನ್ನೊಬ್ಬರ ವಿಷಯ ಬರೆಯುವಾಗಲೆಲ್ಲ ಪಟ್ಟಿಯಲ್ಲಿ ಒಂದೊಂದು ಅಕ್ಷರ ಹಾಕತೊಡಗಿದೆ: ಕಣ್ಣಾರೆ ಕಂಡದ್ದಕ್ಕೆ "ಕಂ", ಯಾರೋ ಹೇಳಿ ಕೇಳಿದ್ದಕ್ಕೆ "ಕೇ", ನನಗೆ ಹಾಗೆ ಅನ್ನಿಸಿದ್ದಕ್ಕೆ "ಅ". ಮೊದಲ ವಾರದ ಪುಟ ನೋಡಿ ನನಗೆ ಗಾಬರಿಯಾಯಿತು. ಉದ್ದಕ್ಕೂ "ಅ", "ಅ", "ಅ". ನಮ್ಮ ಮನೆಯ ಚೌತಿಯ ಊಟಕ್ಕೆ ಪಕ್ಕದ ಮನೆಯಾಕೆ ಬರಲಿಲ್ಲ ಎಂಬುದು "ಕಂ". ಬೇಕೆಂದೇ ಬರಲಿಲ್ಲ, ಹೊಸ ಅಡುಗೆಮನೆ ನೋಡಿ ಹೊಟ್ಟೆಕಿಚ್ಚು ಎಂದು ಬರೆದ ನಾಲ್ಕು ಸಾಲು ಪೂರ್ತಿ "ಅ". ಎಂಟು ದಿನ ಕಳೆದು, ಆಕೆಯ ಗಂಡನಿಗೆ ಅಂದು ಬೆಳಿಗ್ಗೆ ಎದೆನೋವು ಬಂದು ಆಸ್ಪತ್ರೆಗೆ ಹೋಗಿದ್ದರೆಂದು ತಿಳಿಯಿತು. ಆ ನಾಲ್ಕು ಸಾಲುಗಳ ಮೇಲೂ ಗೆರೆ ಎಳೆದು, ತಿಳಿದ ದಿನದ ತಾರೀಖು ಹಾಕಿ, ಕೆಳಗೆ ನಿಜ ಸಂಗತಿ ಬರೆದಿದ್ದೇನೆ. ಅಂಚುಪಟ್ಟಿ ಇಲ್ಲದ ಪುಸ್ತಕದಲ್ಲಿ ಈ ಅಭ್ಯಾಸ ಮಾಡಲು ಆಗುವುದಿಲ್ಲವೆಂದಲ್ಲ. ಆದರೆ ಪಟ್ಟಿ ಖಾಲಿ ಇದ್ದಾಗ ಅದು ಕೇಳುವ ಪ್ರಶ್ನೆ ಬೇರೆ ಪುಸ್ತಕ ಕೇಳುವುದಿಲ್ಲ.

ಎಲ್ಲವನ್ನೂ ಬರೆದರೆ ಮಾತ್ರ ಪ್ರಾಮಾಣಿಕ ಬರಹ ಎಂದು ಕೆಲವರು ತಿಳಿದಿರುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ತಂಗಿಯ ಸಂಸಾರದಲ್ಲಿ ಒಂದು ಕಷ್ಟ ಬಂತು, ಅವಳು ನನ್ನನ್ನು ನಂಬಿ ಹೇಳಿಕೊಂಡಳು. ಅದು ಅವಳದು, ಬರೆಯುವ ಹಕ್ಕು ನನಗಿಲ್ಲ. ಆದರೆ ಆ ವಾರ ನಾನು ನಿದ್ದೆಯಿಲ್ಲದೆ ಕಳೆದದ್ದಕ್ಕೆ ಅದೇ ಕಾರಣ. ಅದನ್ನು ಬಿಟ್ಟು, ಸೆಕೆಗೆ ನಿದ್ದೆ ಬರಲಿಲ್ಲ ಎಂದು ಬರೆದರೆ ಅದು ಸುಳ್ಳು. ಲೆಕ್ಕದ ಪುಸ್ತಕದಲ್ಲಿ ಖಾಲಿ ಬಿಟ್ಟ ಸಾಲುಗಳಲ್ಲಿ ಆಮೇಲೆ ಯಾರೂ ಏನೂ ಸೇರಿಸಬಾರದೆಂದು ಓರೆಗೆರೆ ಹೊಡೆಯುತ್ತೇವೆ. ನಾನೂ ಐದು ಸಾಲು ಬಿಟ್ಟು ಓರೆಗೆರೆ ಹೊಡೆದು, "ಇಲ್ಲಿ ಒಂದು ವಿಷಯ ಬಿಟ್ಟಿದ್ದೇನೆ, ಅದು ನನ್ನದಲ್ಲ" ಎಂದು ಬರೆದೆ. ಬಿಟ್ಟದ್ದನ್ನು ಬಿಟ್ಟಿದ್ದೇನೆ ಎಂದು ಹೇಳಿದ ಮೇಲೆ ಮುಂದಿನ ಸಾಲುಗಳನ್ನು ಬರೆಯುವುದು ಹಗುರವಾಯಿತು.

ಹಳೆಯದನ್ನು ಅಳಿಸದೆ ಅದರ ಜೊತೆಗೇ ಬದುಕುವ ಈ ಕ್ರಮವನ್ನು ನನಗಿಂತ ಎಷ್ಟೋ ಚೆನ್ನಾಗಿ, ಎಷ್ಟೋ ಕಷ್ಟದಲ್ಲಿ ಮಾಡಿದವಳು ಆನ್ ಫ್ರಾಂಕ್. 1942ರ ಜೂನ್ 12ರಂದು, ತನ್ನ 13ನೇ ಹುಟ್ಟುಹಬ್ಬಕ್ಕೆ ಸಿಕ್ಕ ಕೆಂಪು ಬಿಳಿ ಚೌಕುಳಿಯ ಪುಸ್ತಕದಲ್ಲಿ ಬರೆಯತೊಡಗಿದ ಯಹೂದಿ ಹುಡುಗಿ, ನಾಜಿಗಳಿಗೆ ಸಿಗದಂತೆ ಆಮ್‌ಸ್ಟರ್‌ಡಾಮಿನಲ್ಲಿ ಅಡಗಿ ಕುಳಿತಿದ್ದಾಗ 1944ರ ಜನವರಿ 2ರಂದು ಹಿಂದಿನ ಪುಟಗಳನ್ನು ತಿರುವಿ ನೋಡಿ, ತಾಯಿಯ ಬಗ್ಗೆ ತಾನು ಎಷ್ಟು ಕಟುವಾಗಿ ಬರೆದಿದ್ದೇನೆಂದು ಬೆಚ್ಚಿಬೀಳುತ್ತಾಳೆ. ಆದರೆ ಆ ಪುಟಗಳನ್ನು ನಾಶ ಮಾಡುವುದಿಲ್ಲ. ಅದೇ ಜನವರಿ 22ರ ತಾರೀಖು ಹಾಕಿ, 1942ರಲ್ಲಿ ಬರೆದದ್ದರ ಕೆಳಗೆ, ಇಂಥದ್ದನ್ನು ಈಗ ತನ್ನಿಂದ ಬರೆಯಲಾಗದು ಎಂಬ ಅರ್ಥದ ಟಿಪ್ಪಣಿ ಸೇರಿಸುತ್ತಾಳೆ. ಮಾರ್ಚ್ 28ರಂದು ಲಂಡನ್ನಿನಿಂದ ಪ್ರಸಾರವಾದ ಡಚ್ ರೇಡಿಯೊದಲ್ಲಿ, ಯುದ್ಧಕಾಲದ ದಿನಚರಿ ಮತ್ತು ಪತ್ರಗಳನ್ನು ಜನರು ಕಾಪಾಡಿ ಇಡಬೇಕೆಂದು ಮಂತ್ರಿಯೊಬ್ಬರು ಕೇಳಿಕೊಂಡದ್ದನ್ನು ಕೇಳಿ, ಮೇ ತಿಂಗಳಿನಿಂದ ಬಿಡಿ ಹಾಳೆಗಳ ಮೇಲೆ ಓದುಗರಿಗಾಗಿ ಹೊಸದಾಗಿ ಬರೆಯತೊಡಗುತ್ತಾಳೆ, ಎಷ್ಟೋ ಭಾಗಗಳನ್ನು ಬಿಡುತ್ತಾಳೆ. ಮೊದಲ ಬರಹವನ್ನೂ ಇಟ್ಟುಕೊಂಡದ್ದರಿಂದ ಅವಳು ಏನನ್ನು ಉಳಿಸಿದಳು, ಏನನ್ನು ಬಿಟ್ಟಳು ಎಂಬುದು ಬಹುಮಟ್ಟಿಗೆ ಇಂದಿಗೂ ಕಾಣುತ್ತದೆ. ಇತರರಿಗಾಗಿ ಅಚ್ಚುಕಟ್ಟಾಗಿ ಬರೆಯುವುದು ತಪ್ಪಲ್ಲವೆಂದು ನನಗೆ ಅರ್ಥವಾದದ್ದು ಇದರಿಂದ. ಸ್ಮರಣ ಸಂಚಿಕೆಯ ಆ ಎರಡು ಪುಟಗಳಿಗೆ ಹಿಂದೆ ಒಂದು ಹೊಲಿದ ಪುಸ್ತಕ ಇದ್ದಿದ್ದರೆ, ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅಳಿಸಬಹುದಾದ ಬರಹ ನಮ್ಮ ನಾಡಿಗೆ ಹೊಸದೇನಲ್ಲ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಕಡತಗಳಲ್ಲಿ ನಮ್ಮ ವ್ಯಾಪಾರಿಗಳು ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಕಚೇರಿಯ ಫೈಲಿಗೆ ನಾವು ಇಂದು ಕಡತ ಎನ್ನುವುದು ಅಲ್ಲಿಂದಲೇ ಬಂದದ್ದು. ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಈಗಿನ ಮೊಬೈಲಿನ ಟಿಪ್ಪಣಿ ಆ್ಯಪ್‌ಗಳನ್ನು ನೋಡಿದಾಗ ನನಗೆ ಕಡತದ ನೆನಪಾಗುತ್ತದೆ. ಮಗ ಹಾಕಿಕೊಟ್ಟ ಒಂದರಲ್ಲಿ ಎರಡು ತಿಂಗಳು ಬರೆದೆ. ಹುಡುಕುವುದಕ್ಕೆ ಅದು ಬಹಳ ಅನುಕೂಲ. ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಬಹುದು, ಫೋಟೊ ಸೇರಿಸಬಹುದು, ಬೀಗದ ಸಂಖ್ಯೆ ಹಾಕಬಹುದು. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ನಾನು ಅದನ್ನೇ ಹೇಳುತ್ತೇನೆ. ನನ್ನ ತೊಂದರೆ ಬೇರೆ: "ನೆನಪಿಸಿದೆ" ಎಂಬುದನ್ನು ಅಳಿಸಿ "ಗದರಿದೆ" ಎಂದು ಒತ್ತಿದರೆ ಮೊದಲಿನದು ಇತ್ತೆಂಬುದೇ ಅಲ್ಲಿ ಉಳಿಯುವುದಿಲ್ಲ, ಮರುದಿನ ಮನಸ್ಸು ಬದಲಾಗಿ "ಗದರಿದೆ" ಎಂಬುದನ್ನು ಮತ್ತೆ "ನೆನಪಿಸಿದೆ" ಮಾಡಿದರೂ ಉಳಿಯುವುದಿಲ್ಲ. ಆ ಎರಡು ತಿಂಗಳಲ್ಲಿ ನಾನು ಹೀಗೆ ಎಷ್ಟು ಸಲ ಮಾಡಿದೆನೋ ನನಗೇ ಗೊತ್ತಿಲ್ಲ.

ಇನ್ನು ಕೊರತೆಗಳು. ಹಾಳೆ ತೆಳು. 70 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಗೆ 70 ಗ್ರಾಂ ತೂಕ) ಎಂದು ಒಳರಟ್ಟಿನಲ್ಲಿ ಅಚ್ಚಾಗಿದ್ದರೂ ಶಾಯಿ ಪೆನ್ನಿನಲ್ಲಿ ಬರೆದರೆ ಆಚೆ ಬದಿಗೆ ಇಳಿಯುತ್ತದೆ, ಗೆರೆಯ ಅಂಚು ಕವಲೊಡೆಯುತ್ತದೆ. 31 ವರ್ಷ ಕೈಗೆ ಒಗ್ಗಿದ ಶಾಯಿ ಪೆನ್ನನ್ನು ಬಿಟ್ಟು ಬಾಲ್‌ಪೆನ್ನಿಗೆ ಬರಬೇಕಾಯಿತು. ಮಧ್ಯೆ ಒಂದಿಷ್ಟು ದಿನ ನೀಲಿ ಜೆಲ್ ಪೆನ್ನಿನಲ್ಲಿ ಬರೆದೆ, ಓಡಾಟ ಸಲೀಸು. ಆದರೆ ಒಂದು ಮಳೆಗಾಲದಲ್ಲಿ ಹೆಂಚು ಸರಿದು ಮೇಜಿನ ಮೇಲೆ ನೀರು ತೊಟ್ಟಿಕ್ಕಿದಾಗ ಜೆಲ್ ಪೆನ್ನಿನ ಏಳು ಪುಟ ನೀಲಿ ಮೋಡದಂತಾದವು, ಪಕ್ಕದಲ್ಲೇ ಎಣ್ಣೆ ಶಾಯಿಯ ಬಾಲ್‌ಪೆನ್ನಿನಲ್ಲಿ ಬರೆದ ಪುಟಗಳಿಗೆ ಏನೂ ಆಗಲಿಲ್ಲ. ಹೋದ ಏಳು ಪುಟಗಳಲ್ಲಿ ಏನಿತ್ತೆಂದು ನೆನಪಿನಿಂದ ಮತ್ತೆ ಬರೆಯಬಹುದಿತ್ತು. ಬರೆಯಲಿಲ್ಲ, "ನೀರು ಬಿದ್ದು ಹಾಳಾಗಿದೆ" ಎಂದು ಪ್ರತಿ ಪುಟದ ಮೇಲೆ ಬರೆದು ತಾರೀಖು ಹಾಕಿದ್ದೇನೆ. ಮುಂದಿನವರಿಗೆ ನನ್ನ ಸಲಹೆ, ಮೊದಲ ದಿನದಿಂದಲೇ ಬಾಲ್‌ಪೆನ್ ಹಿಡಿಯಿರಿ.

ರಟ್ಟಿನ ಮೂಲೆಗಳು ಆರು ತಿಂಗಳಿಗೇ ಬಿಚ್ಚಿಕೊಂಡವು, ಬೆನ್ನಿನ ಬಟ್ಟೆ ಮಾತ್ರ ಗಟ್ಟಿ. ಆಷಾಢದಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಹೊರರಟ್ಟಿಗೆ ಬೂಷ್ಟು ಹಿಡಿಯಿತು. ಆದರೆ ಹುಳ ಬೀಳಲಿಲ್ಲ. ಬೈಂಡಿಂಗ್ ಮಾಡುವವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ, ಅದಿದ್ದರೆ ಹುಳ ಸುಳಿಯುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಹೊಡೆಯುವ ಅದೇ ಮೈಲುತುತ್ತ. ಈ ಪುಸ್ತಕದ ಅಂಟಿನಲ್ಲಿ ಅದರ ತಿಳಿನೀಲಿ ಬಣ್ಣ ಒಳಮಡಿಕೆಯಲ್ಲಿ ಅಲ್ಲಲ್ಲಿ ಕಾಣುತ್ತದೆ. ಪುಟಸಂಖ್ಯೆ ಒತ್ತುವಾಗ ಒಂದು ಕಡೆ 133 ಎರಡು ಸಲ ಬಿದ್ದಿದೆ. ಎಣಿಸುವಾಗ ನನ್ನ ಕಣ್ಣಿಗೂ ತಪ್ಪಿಹೋಗಿತ್ತು. ಆದ್ದರಿಂದ ಪುಟಗಳು 192 ಇದ್ದರೂ ಒತ್ತಿದ ಕೊನೆಯ ಸಂಖ್ಯೆ 191 ಆಗಿ, ಆ ಕೊನೆಯ ಪುಟಕ್ಕೆ ನಾನೇ ಕೈಯಲ್ಲಿ 192 ಎಂದು ಬರೆಯಬೇಕಾಯಿತು. ಮೊದಲ ಪುಟದ ದೃಢೀಕರಣದ ಕೆಳಗೆ ಇದನ್ನೂ ಬರೆದು ಸಹಿ ಮಾಡಿದ್ದೇನೆ.

ದೊಡ್ಡ ಕೊರತೆ ಬೇರೆಯೇ ಇದೆ, ಅದನ್ನು ತಯಾರಿಸಿದವರ ಮೇಲೆ ಹೊರಿಸಲಾರೆ. ಈ ಪುಸ್ತಕಕ್ಕೆ ಬೀಗವಿಲ್ಲ, ಮತ್ತು ಇಷ್ಟು ದೊಡ್ಡ ಪುಸ್ತಕವನ್ನು ಅಡಗಿಸಿಡುವುದು ಸುಲಭವಲ್ಲ. ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ, ಮನೆ ಖರ್ಚಿನ ಲೆಕ್ಕವೆಂದು ತಿಳಿದು, ಅದನ್ನು ತೆರೆದು ಎರಡು ಪುಟ ಓದಿಬಿಟ್ಟ. ಓದಿ, ಏನೂ ಹೇಳದೆ ಮುಚ್ಚಿಟ್ಟ. ಅವನ ಮೇಲೆ ನನಗೆ ಬೇಸರವಿಲ್ಲ. ಆದರೆ ಅದರ ಮುಂದಿನ ನಾಲ್ಕು ದಿನ ನಾನು ಬರೆದದ್ದನ್ನು ಈಗ ಓದಿದರೆ, ಅದು ಮತ್ತೆ ಸ್ಮರಣ ಸಂಚಿಕೆಯ ಹೆಂಗಸಿನ ಬರಹ. ಮಗನ ಬಗ್ಗೆ ಹೆಮ್ಮೆ, ಸೊಸೆಯ ಬಗ್ಗೆ ಮೆಚ್ಚುಗೆ, ಒಂಟಿತನದ ಬಗ್ಗೆ ಒಂದು ಸಾಲೂ ಇಲ್ಲ. ಅವರಿಬ್ಬರ ಬಗ್ಗೆ ನನಗೆ ನಿಜವಾಗಿ ಪ್ರೀತಿ ಇದೆ. ಆದರೆ ಆ ಸಾಲುಗಳು ಹುಟ್ಟಿದ್ದು ಪ್ರೀತಿಯಿಂದಲ್ಲ, ಮತ್ತೆ ಯಾರಾದರೂ ತೆರೆದು ನೋಡಿಯಾರು ಎಂಬ ಎಚ್ಚರದಿಂದ. ಐದನೆಯ ದಿನ ಅಂಚುಪಟ್ಟಿಯಲ್ಲಿ ಮೇಲಿಂದ ಕೆಳಗೆ "ಓದುವವರಿಗಾಗಿ ಬರೆದದ್ದು" ಎಂದು ಬರೆದು, ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೀಲಿಕೈ ನನ್ನ ಬಳಿಯೇ ಇರುತ್ತದೆ. ನಾನು ಹೋದ ಮೇಲೆ ಯಾರು ಓದಬಹುದು, ಯಾರು ಓದಬಾರದು ಎಂಬುದನ್ನೂ ಒಳರಟ್ಟಿನಲ್ಲಿ ಬರೆದಿಟ್ಟಿದ್ದೇನೆ. ಪುಸ್ತಕ ಕೊಳ್ಳುವ ದಿನವೇ ಈ ಎರಡನ್ನೂ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು; ನಾನು ಐದು ತಿಂಗಳು ತಡ ಮಾಡಿದೆ.

ಕೊಳ್ಳುವವರು ಅಂಗಡಿಯಲ್ಲೇ ಪುಸ್ತಕವನ್ನು ಮಧ್ಯಕ್ಕೆ ಬಿಡಿಸಿ, ಮಡಿಕೆಯಲ್ಲಿ ದಾರ ಕಾಣುತ್ತದೆಯೇ ನೋಡಿ. 2024ರಲ್ಲಿ ಎರಡನೆಯದಕ್ಕಾಗಿ ಹೋದಾಗ ಅದೇ ಕೆಂಪು ಬೆನ್ನಿನ, ಅದೇ ಅಳತೆಯ ಪುಸ್ತಕಗಳ ಅಟ್ಟಿಯಲ್ಲಿ ಅರ್ಧಕ್ಕರ್ಧ ಅಂಟಿನವು ಇದ್ದವು. ಹೊರಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ. ಆಗ ದಾರದ್ದಕ್ಕೆ 240 ರೂಪಾಯಿ, ಅಂಟಿನದಕ್ಕೆ 180 ಇತ್ತು. ಸ್ವಲ್ಪ ಹೆಚ್ಚು ಕೊಟ್ಟಾದರೂ ದಾರದ್ದನ್ನೇ ತನ್ನಿ. ಜಮಾ ಖರ್ಚಿನ ಕಂಬಗಳಿರುವುದು ಬೇಡ, ಬರಿಯ ಅಡ್ಡಗೆರೆಯದು ಸಾಕು, ಅಂಚುಪಟ್ಟಿ ಇರಲೇಬೇಕು. ಪುಟಗಳನ್ನು ಅಲ್ಲೇ ನಿಂತು ಎಣಿಸುವುದು ಕಷ್ಟ, ಮನೆಗೆ ಬಂದು ಎಣಿಸಿ, ಆದರೆ ಬರೆಯಲು ಆರಂಭಿಸುವ ಮುನ್ನ ಎಣಿಸಿ, ಒತ್ತಿದ ಸಂಖ್ಯೆಯನ್ನು ಒಂದೊಂದಾಗಿ ಓದಿಕೊಂಡು ಎಣಿಸಿ.

ಎರಡನೆಯ ಪುಸ್ತಕವನ್ನು ಆಗಸ್ಟ್ ಮೊದಲ ವಾರದಲ್ಲಿ ತೆರೆದೆ. ನಗದು ಪುಸ್ತಕ ಮುಗಿದಾಗ ಅಖೈರು ಶಿಲ್ಕನ್ನು, ಅಂದರೆ ಕೊನೆಗೆ ಉಳಿದ ಮೊತ್ತವನ್ನು, ಹೊಸ ಪುಸ್ತಕದ ಮೊದಲ ಸಾಲಿಗೆ ಆರಂಭಿಕ ಶಿಲ್ಕಾಗಿ ತರುತ್ತೇವೆ. ಏನು ತರಬೇಕೆಂದು ಒಂದು ಸಂಜೆ ಪೂರ್ತಿ ಹಳೆಯ ಪುಸ್ತಕವನ್ನು ಮೊದಲಿನಿಂದ ಓದಿದೆ. ಆಮೇಲೆ ಪುಟಗಳ ದೃಢೀಕರಣದ ಕೆಳಗೆ, ಅಂಚುಪಟ್ಟಿಯಲ್ಲಿ "ಕಂ" ಎಂದು ಹಾಕಿ ಬರೆದೆ: "ಹಿಂದಿನ ಪುಸ್ತಕದ 61ನೇ ಪುಟದಿಂದ ತಂದದ್ದು. ಮೂರನೆಯ ಲೋಟ ಕಾಫಿಯನ್ನು ಅಮ್ಮನಿಗೆ ಕೊಟ್ಟಿಲ್ಲ."